ಗೂಳಿಕಪ್ಪೆಯ ಬಾಳು

ಶ್ರೀರಂಗಪಟ್ಟಣದ ಸಮೀಪದ ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವೆನಿಸಿತು. ಪಾಂಡವಪುರ, ಕೃಷ್ಣರಾಜಪೇಟೆಗಳ ಕಡೆಯ ಮೇಲುಕೋಟೆಯ ಕಾಡು 1974ರಲ್ಲಿ ತೋಳದ ನಿಮಿತ್ತ ವನ್ಯಜೀವಿಧಾಮವಾಯಿತು. ನಾಗಮಂಗಲದ ಆದಿಚುಂಚನಗಿರಿ ನವಿಲಿಗೆ ನೆಲೆಯಾಗಿದೆ. ಇಂಥ ಆದರವು ಇದೇ ಸೀಮೆಯ ಕೆರೆಗದ್ದೆಗಳ ಗೂಳಿಕಪ್ಪೆಗೆ ಇನ್ನೂ ಲಭಿಸಿಲ್ಲವೆಂಬುದು ನನಗೆ ವ್ಯಸನದ ಸಂಗತಿ.

ಬೇಸಗೆಯಲ್ಲಿ ನೆಲವನ್ನು ತೋಡಿ, ಮಣ್ಣಿನ ತೇವವನ್ನೇ ನಂಬಿ ನಿಶ್ಚೇಷ್ಟವಾಗಿ ಮಲಗಿದ್ದ ಈ ಪ್ರಾಣಿ, ಮುಂಗಾರಿನ ಬಿರುಮಳೆಗೆ ಹಳ್ಳಕೊಳ್ಳಗಳು ತುಂಬಿದೊಡನೆ ಹೊರಬರುವುದು. ಆಗ ಗಂಡು ತನ್ನ ಮಾಸಲು ಹಸುರನ್ನು ತೊರೆದು ಅರಿಸಿನದಂತೆ ಹಳದಿಯಾಗಿ, ಕೊರಳ ಇಕ್ಕೆಲದ ನೀಲವರ್ಣದ ನಾದಕೋಶಗಳನ್ನು ಉಬ್ಬಿಸಿ, ಗಂಭೀರಧ್ವನಿಯಿಂದ ಹೆಣ್ಣನ್ನು ಕರೆಯುತ್ತದೆ. ಕೆಲವೇ ದಿನಗಳಲ್ಲಿ ಆ ವರ್ಣವೈಭವವೆಲ್ಲ ಅಳಿಯುತ್ತದೆ.

ಸುಮಾರು 16 ಸೆಂಟಿಮೀಟರಿನವರೆಗೆ ಬೆಳೆಯುವ ಇದರ ಹಸಿವು ಅಸಾಮಾನ್ಯವಾದುದು: ಕೀಟ, ಏಡಿಗಳಲ್ಲದೆ ಇಲಿಮರಿ, ಸಣ್ಣ ಹಾವು, ಇತರ ಕಪ್ಪೆಗಳೂ ಇದಕ್ಕೆ ಆಹಾರ. ಇದರ ಗೊದಮೊಟ್ಟೆಗಳು ಸಹ ಮಾಂಸಾಹಾರಿಗಳು, ಒಡಹುಟ್ಟುಗಳನ್ನೂ ನುಂಗುವುದುಂಟು. ಕೊಳ ಬತ್ತುವುದರೊಳಗೆ ಬೆಳೆದು ನೆಲಕ್ಕೇರಬೇಕಾದ ಜೀವಕ್ಕೆ ಈ ಕ್ರೌರ್ಯವೂ ಉಪಜೀವನವೇ.

ಗದ್ದೆಯ ಕೀಟಗಳನ್ನು ಕೂಲಿಯಿಲ್ಲದೆ ನಿವಾರಿಸುವ ಈ ಉಪಕಾರಿಯ ಕಾಲುಗಳನ್ನು ನಮ್ಮ ದೇಶ ಬಹುಕಾಲ ಯೂರೋಪು, ಅಮೆರಿಕಗಳ ಭೋಜನಕ್ಕೆ ಕಳುಹಿಸಿತು. 1985ರಲ್ಲಿ ಅಂತರರಾಷ್ಟ್ರೀಯ ಒಪ್ಪಂದವೊಂದು ಈ ವ್ಯಾಪಾರಕ್ಕೆ ಕಡಿವಾಣ ಹಾಕಿತು. 1987ರಲ್ಲಿ ಭಾರತವೇ ಕಪ್ಪೆಕಾಲಿನ ರಫ್ತನ್ನು ನಿಷೇಧಿಸಿತು. ಆದರೆ ಹೊಲದ ವಿಷಕ್ಕೂ ರಸ್ತೆಯ ಗಾಲಿಗೂ ಆ ನಿಷೇಧ ತಾಗದು. ಆದುದರಿಂದ, ರೈತಬಾಂಧವರೇ, ಮೊದಲ ಮಳೆಯ ವಾರಗಳಲ್ಲಿ ಕೆರೆಯಂಚಿಗೆ ಕೀಟನಾಶಕವನ್ನು ಸಿಂಪಡಿಸಬೇಡಿ; ಮಳೆಯ ರಾತ್ರಿ ಕೆರೆಯೇರಿಯ ಮೇಲೆ ವಾಹನವನ್ನು ನಿಧಾನವಾಗಿ ನಡೆಸಿ.