ಲಾರಿಯ ಇಂಜಿನಿನ ಶಾಖವೂ ಥರ್ಮೋಸ್ಟಾಟೂ

ಕಬ್ಬು, ಅಡಕೆ, ಕಾಫಿ ಮೊದಲಾದ ಫಸಲುಗಳನ್ನು ಪೇಟೆಗೆ ಸಾಗಿಸುವುದಕ್ಕಾಗಿ ಸ್ವಂತ ಲಾರಿಗಳನ್ನಿಟ್ಟುಕೊಂಡಿರುವ ಜಮೀನುದಾರರು ಹಲವರಿದ್ದಾರೆ. ಬೇಸಗೆಯಲ್ಲಿ ಭಾರ ಹೇರಿಕೊಂಡು ಘಾಟಿಯನ್ನು ಹತ್ತುವಾಗ ಇಂಜಿನು ಮಿತಿಮೀರಿ ಕಾದು ರೇಡಿಯೇಟರಿನ ನೀರು ಕುದಿದು ಹೊರಚೆಲ್ಲಿದರೆ, ಥರ್ಮೋಸ್ಟಾಟನ್ನು ತೆಗೆದುಬಿಟ್ಟರೆ ಸರಿಹೋಗುವುದೆಂಬ ಸಲಹೆಯು ರಸ್ತೆಬದಿಯ ಅಂಗಡಿಗಳಲ್ಲಿ ಒಡನೆಯೇ ದೊರೆಯುತ್ತದೆ. ಯಜಮಾನರಿಗೆ ತಿಳಿಸದೆಯೇ ಹಾಗೆ ಮಾಡಿಬಿಡುವುದೂ ಉಂಟು. ಈ ಸಣ್ಣ ಭಾಗದ ಬೆಲೆಯು ಅಲ್ಪ. ಅದಿಲ್ಲದೆ ಸವೆದುಹೋಗುವ ಇಂಜಿನಿನ ಬೆಲೆಯು ಅಲ್ಪವಲ್ಲ. ಆದಕಾರಣ ಅದರ ಕೆಲಸವೇನೆಂಬುದನ್ನು ಲಾರಿಯುಳ್ಳವರು ತಿಳಿದಿರತಕ್ಕದ್ದು.

ಇಂಜಿನಿನಲ್ಲಿ ಉರಿಯುವ ಎಣ್ಣೆಯ ಶಾಖದಲ್ಲಿ ಸುಮಾರು ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗೆ ಸಿಲಿಂಡರುಗಳ ಸುತ್ತಲಿನ ನೀರಿಗೆ ಸೇರುತ್ತದೆ. ಪಂಪು ಈ ನೀರನ್ನು ತಿರುಗಿಸುತ್ತಿರುವುದು; ರೇಡಿಯೇಟರು ಅದರ ಶಾಖವನ್ನು ಗಾಳಿಗೆ ಬಿಟ್ಟುಕೊಡುವುದು. ಇವೆರಡರ ನಡುವಣ ದಾರಿಯಲ್ಲಿರುವ ಸಣ್ಣ ಕವಾಟವೇ ಥರ್ಮೋಸ್ಟಾಟು. ಅದರ ಹೊಟ್ಟೆಯಲ್ಲಿ ಒಂದು ಬಗೆಯ ಮೇಣವಿರುತ್ತದೆ. ಮೇಣವು ಕರಗಿ ಹಿಗ್ಗಿದಾಗ ಕವಾಟವು ತೆರೆಯುವುದು. ತಣಿದು ಕುಗ್ಗಿದಾಗ ಸ್ಪ್ರಿಂಗು ಅದನ್ನು ಮುಚ್ಚುವುದು. ಈ ಮೇಣದ ಏರ್ಪಾಡನ್ನು 1930ರ ದಶಕದಲ್ಲಿ ಅಮೆರಿಕದ ಸರ್ಜಿಯಸ್ ವರ್ನೆ ಎಂಬವನು ಕಂಡುಹಿಡಿದನು.

ಕೆರೆಯ ತೂಬನ್ನು ಕಾಯುವ ನೀರುಗಂಟಿಯ ಕೆಲಸವೂ ಇದರ ಕೆಲಸವೂ ಒಂದೇ ತೆರನಾದದ್ದು. 82 ಎಂಬ ಅಂಕಿಯನ್ನು ಹೊತ್ತ ಥರ್ಮೋಸ್ಟಾಟು ನೀರು 82 ಡಿಗ್ರಿ ಸೆಂಟಿಗ್ರೇಡ್ ಮುಟ್ಟಿದಾಗ ತೆರೆಯಲಾರಂಭಿಸಿ ಸುಮಾರು 95 ಡಿಗ್ರಿಯ ವೇಳೆಗೆ ಪೂರ್ತಿಯಾಗಿ ತೆರೆದಿರುತ್ತದೆ. ಅಲ್ಲಿಗೆ ಅದರ ಅಧಿಕಾರವು ಮುಗಿಯಿತು. ಶಾಖವು ಇನ್ನೂ ಏರಿದರೆ ಅದನ್ನು ತಡೆಯತಕ್ಕವು ರೇಡಿಯೇಟರು, ಫ್ಯಾನು ಮತ್ತು ಪಂಪುಗಳೇ ಹೊರತು ಥರ್ಮೋಸ್ಟಾಟಲ್ಲ. ಇಂಜಿನಿನ ಶಾಖದ ಕೆಳಗಿನ ಮಿತಿಯನ್ನು ಮಾತ್ರ ಅದು ಗೊತ್ತುಪಡಿಸುತ್ತದೆ. 82ರ ಬದಲು 71ರದನ್ನು ಹಾಕಿಸಿದವರು ಘಾಟಿಯಲ್ಲಿ ಯಾವ ಲಾಭವನ್ನೂ ಕಾಣದಿರುವುದಕ್ಕೆ ಕಾರಣವಿದೇ. ಕಾಲುವೆಯಲ್ಲಿ ಹೂಳು ತುಂಬಿರುವಾಗ ತೂಬಿನ ಬಾಗಿಲನ್ನು ಕಿತ್ತೆಸೆದ ಮಾತ್ರಕ್ಕೆ ಗದ್ದೆಗೆ ಹೆಚ್ಚು ನೀರು ಬಾರದಷ್ಟೆ.

ಥರ್ಮೋಸ್ಟಾಟಿಲ್ಲದ ಇಂಜಿನು ಬಯಲಿನಲ್ಲಿ, ವಿಶೇಷವಾಗಿ ಚಳಿಗಾಲದ ಬೆಳಗಿನಲ್ಲಿ, ಬೇಕಾದಷ್ಟು ಕಾಯುವುದೇ ಇಲ್ಲ. ತಣ್ಣನೆಯ ಸಿಲಿಂಡರಿನಲ್ಲಿ ಎಣ್ಣೆಯು ಪೂರ್ತಿಯಾಗಿ ಉರಿಯದೆ ಗೋಡೆಗಳ ಮೇಲೆ ಇಳಿದು, ಕೀಲೆಣ್ಣೆಯೊಡನೆ ಬೆರೆತು ಅದನ್ನು ತೆಳ್ಳಗೆ ಮಾಡುತ್ತದೆ. ಉರಿಯುವಾಗ ಹುಟ್ಟುವ ನೀರಿನ ಆವಿಯೂ ಅಲ್ಲಿಯೇ ಹನಿಗಟ್ಟುವುದು. ಡೀಸೆಲಿನಲ್ಲಿ ಗಂಧಕವು ಹೆಚ್ಚಾಗಿದ್ದ ಕಾಲದಲ್ಲಿ ಈ ಹನಿಗಳು ಆಮ್ಲವಾಗಿ ಲೋಹವನ್ನು ತಿನ್ನುತ್ತಿದ್ದವು. 2020ರಲ್ಲಿ ದೇಶದಲ್ಲೆಲ್ಲ ಗಂಧಕವಿಳಿಸಿದ ಎಣ್ಣೆ ಬಂದ ಮೇಲೆ ಆ ಉಪದ್ರವವು ತಗ್ಗಿದೆ, ಉಳಿದವು ತಗ್ಗಿಲ್ಲ. ಪಿಸ್ಟನ್ ರಿಂಗುಗಳು ಸವೆಯುವುವು. ಡೀಸೆಲು ಹೆಚ್ಚು ಖರ್ಚಾಗುವುದು. ಈ ನಷ್ಟವು ಕುದಿಯುವ ನೀರಿನಂತೆ ಸದ್ದುಮಾಡುವುದಿಲ್ಲವಾದ್ದರಿಂದ ಯಜಮಾನರ ಗಮನಕ್ಕೆ ತಡವಾಗಿ ಬರುತ್ತದೆ.

ಇನ್ನೊಂದು ವಿಚಾರವು ಅನೇಕರಿಗೆ ಸೋಜಿಗವೆನಿಸಬಹುದು. ಕೆಲವು ಇಂಜಿನುಗಳಲ್ಲಿ, ಕವಾಟವು ಮುಚ್ಚಿರುವಾಗ ನೀರು ರೇಡಿಯೇಟರಿಗೆ ಹೋಗದೆ ಇಂಜಿನಿನಲ್ಲಿಯೇ ಸುತ್ತುವಂತೆ ಒಂದು ಅಡ್ಡದಾರಿಯಿರುತ್ತದೆ. ಕವಾಟವು ತೆರೆದಂತೆಲ್ಲ ಅದರ ಕೆಳಗಿನ ಬಿಲ್ಲೆಯು ಈ ಅಡ್ಡದಾರಿಯನ್ನು ಮುಚ್ಚುತ್ತದೆ. ಥರ್ಮೋಸ್ಟಾಟನ್ನೇ ತೆಗೆದರೆ ಅಡ್ಡದಾರಿಯು ಸದಾ ತೆರೆದಿದ್ದು, ಬಿಸಿನೀರಿನ ಒಂದು ಪಾಲು ತಣಿಯದೆಯೇ ಹಿಂದಿರುಗುವುದು. ಅಂತಹ ಲಾರಿಯು ಬಯಲಿನಲ್ಲಿ ತಣ್ಣಗಿದ್ದು, ಶಿರಾಡಿಯಂತಹ ಘಾಟಿಯಲ್ಲಿ ಮೊದಲಿಗಿಂತಲೂ ಹೆಚ್ಚಾಗಿ ಕಾಯಬಹುದು.

ಹಾಗೆಂದು ಥರ್ಮೋಸ್ಟಾಟು ಎಂದಿಗೂ ಕೆಡದೆಂದು ತಿಳಿಯಕೂಡದು. ಮುಚ್ಚಿದಂತೆಯೇ ಸಿಕ್ಕಿಕೊಂಡರೆ ಸಮನೆಲದಲ್ಲಿಯೂ ಇಂಜಿನು ಬೇಗನೆ ಕುದಿಯುವುದು. ಆಗ ರೇಡಿಯೇಟರಿನ ಮೇಲಿನ ರಬ್ಬರು ಕೊಳವೆಯು ತಣ್ಣಗೆ ಉಳಿದಿರುತ್ತದೆ. ತೆರೆದಂತೆಯೇ ಸಿಕ್ಕಿಕೊಂಡರೆ ಶಾಖದ ಮುಳ್ಳು ಮೇಲೇರದು. ಸಂಶಯವಿದ್ದಲ್ಲಿ ಅದನ್ನು ಬಿಚ್ಚಿ, ತಳಕ್ಕೆ ತಾಗದಂತೆ ದಾರದಿಂದ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು, ಉಷ್ಣಮಾಪಕವನ್ನಿಟ್ಟು ನೀರನ್ನು ನಿಧಾನವಾಗಿ ಕಾಯಿಸಬೇಕು. ಬರೆದಿರುವ ಅಂಕಿಯ ಆಸುಪಾಸಿನಲ್ಲಿ ತೆರೆಯಲಾರಂಭಿಸಿ, ನೀರು ತಣಿದಾಗ ಪೂರ್ತಿ ಮುಚ್ಚಿಕೊಂಡರೆ ಅದು ನಿರ್ದೋಷಿ. ಅಡಿಗೆಮನೆಯಲ್ಲಿಯೇ ಮಾಡಬಹುದಾದ ಈ ಪರೀಕ್ಷೆಯನ್ನು ಯಜಮಾನರು ತಮ್ಮೆದುರಿಗೇ ಮಾಡಿಸುವುದು ಲೇಸು.

ಪರೀಕ್ಷೆಯಲ್ಲಿ ಗೆದ್ದರೆ ತಪ್ಪು ಬೇರೆಡೆಯಲ್ಲಿದೆ. ರೇಡಿಯೇಟರಿನ ಮುಂದಣ ರೆಕ್ಕೆಗಳಲ್ಲಿ ಹೊಟ್ಟು, ಧೂಳು, ಕಬ್ಬಿನ ತರಗು ಸೇರಿಕೊಂಡಿರುವುದು ಹಳ್ಳಿಯ ಲಾರಿಗಳಲ್ಲಿ ಸಾಮಾನ್ಯ. ಬಾವಿಯ ಗಡಸುನೀರನ್ನು ಸುರಿದುದರಿಂದ ಒಳಗಿನ ಕೊಳವೆಗಳಲ್ಲಿ ಕಲ್ಲುಕಟ್ಟಿರಬಹುದು. ಫ್ಯಾನಿನ ಬೆಲ್ಟು ಸಡಿಲಾಗಿರಬಹುದು. ಮುಚ್ಚಳದ ರಬ್ಬರನ್ನೂ ಮರೆಯಬಾರದು. ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಬಿಗಿಯಾದ ಮುಚ್ಚಳವು ಒಳಗಿನ ಒತ್ತಡವನ್ನು ಹೆಚ್ಚಿಸಿ ಕುದಿಯುವ ಮಟ್ಟವನ್ನು 110 ಡಿಗ್ರಿಗಿಂತಲೂ ಮೇಲಕ್ಕೇರಿಸುವುದರಿಂದಲೇ ಲಾರಿಯು ಘಾಟಿಯನ್ನು ದಾಟುತ್ತದೆ. ಇದೇ ಒತ್ತಡದ ಕಾರಣದಿಂದ, ಕಾದ ಇಂಜಿನಿನ ಮುಚ್ಚಳವನ್ನು ತೆರೆದ ಡ್ರೈವರುಗಳು ಮುಖ ಕೈಗಳನ್ನು ಸುಟ್ಟುಕೊಂಡಿದ್ದಾರೆ. ಇಂಜಿನನ್ನು ನಿಲ್ಲಿಸಿ, ಅದು ಪೂರ್ತಿಯಾಗಿ ಆರುವವರೆಗೆ ಯಾರೂ ಅದನ್ನು ಮುಟ್ಟಕೂಡದು.