ಹಿನ್ನೆಲೆಯನ್ನು ಅಳಿಸುವ ಮುನ್ನ

ತಾಯಿಯ ಪುಣ್ಯತಿಥಿಗೆಂದು ಒಂದು ಭಾವಚಿತ್ರ ಬೇಕಾಗಿತ್ತು. ನಮ್ಮಲ್ಲಿ ಉಳಿದಿದ್ದುದು ಒಂದೇ ಫೋಟೊ. ಹಳೇ ಬಾಗಲಕೋಟೆಯ ನಮ್ಮ ಮನೆಯ ಕಟ್ಟೆಯ ಮೇಲೆ ಆಕೆ ಕುಳಿತಿದ್ದಾಗ ತೆಗೆದದ್ದು. ಸ್ಟುಡಿಯೊದ ಯುವಕ ಅದನ್ನು ಸ್ಕ್ಯಾನ್ ಮಾಡಿ, ಹಿನ್ನೆಲೆ ತೆಗೆದು, ತಿಳಿನೀಲಿ ಬಣ್ಣ ತುಂಬಿ, ಕೆಲವೇ ನಿಮಿಷಗಳಲ್ಲಿ ಕೈಗಿತ್ತ. ಚಿತ್ರ ಚೆನ್ನಾಗಿಯೇ ಇತ್ತು. ಆದರೆ ಅದನ್ನು ನೋಡಿದ ನನ್ನ ಅಕ್ಕ ಕೇಳಿದ್ದು ಒಂದೇ ಮಾತು: ‘ಮನಿ ಎಲ್ಲಿ ಹೋತು?’

ಆ ಮನೆ ನೆಲದ ಮೇಲೂ ಉಳಿದಿಲ್ಲ. ಆಲಮಟ್ಟಿ ಜಲಾಶಯದ ಹಿನ್ನೀರು ಊರಿನ ತಗ್ಗು ಭಾಗವನ್ನು ಆವರಿಸಿದಾಗ, ಪರಿಹಾರ ಪಡೆದು ನವನಗರಕ್ಕೆ ತೆರಳಿದ ಕುಟುಂಬಗಳಲ್ಲಿ ನಮ್ಮದೂ ಒಂದು. ಕಟ್ಟೆ, ಕಂಬ, ಬಾಗಿಲವಾಡ ಎಲ್ಲವೂ ಆ ಫೋಟೊದಲ್ಲಿ ಮಾತ್ರ ಉಳಿದಿದ್ದವು.

ಹಿನ್ನೆಲೆ ತೆಗೆಯುವುದೆಂದರೆ ವಾಸ್ತವವಾಗಿ ಗಡಿ ಗುರುತಿಸುವ ಕೆಲಸ. ಪ್ರತಿಯೊಂದು ಪಿಕ್ಸೆಲ್ ವ್ಯಕ್ತಿಗೆ ಸೇರಿದ್ದೋ ಹೊರಗಿನದೋ ಎಂದು ತೀರ್ಮಾನಿಸಬೇಕು. ಭೂಮಾಪನದಂತೆ ಇಲ್ಲಿಯೂ ತಕರಾರು ಇರುವುದು ಅಂಚಿನಲ್ಲಿಯೇ. ಕೂದಲಿನ ಎಳೆಯ ಬಳಿ ಒಂದೇ ಪಿಕ್ಸೆಲ್‌ನಲ್ಲಿ ಕೂದಲೂ ಇರುತ್ತದೆ, ಹಿಂದಿನ ಗೋಡೆಯೂ ಇರುತ್ತದೆ. ತಾಯಿಯ ನರೆಗೂದಲಿನ ಅಂಚು ಕತ್ತರಿಸಿದಂತೆ ಕಂಡದ್ದು ಇದರಿಂದಲೇ.

ಈ ಕೆಲಸ ಹಿಂದೆ ದುಬಾರಿಯಾಗಿತ್ತು. ಸ್ಟಾಲಿನ್ ಜೊತೆ ಕಾಲುವೆಯ ದಂಡೆಯಲ್ಲಿ ನಿಂತಿದ್ದ ಯೆಜೋವ್‌ನನ್ನು 1940ರಲ್ಲಿ ಗುಂಡಿಕ್ಕಿ ಕೊಂದ ಮೇಲೆ ಫೋಟೊದಿಂದಲೂ ತೆಗೆಯಲಾಯಿತು. ಅವನಿದ್ದ ಜಾಗದಲ್ಲಿ ನೀರು ಬಂದು ನಿಂತಿತು. ಅದಕ್ಕೆ ನುರಿತ ಕೈ ಬೇಕಾಗಿತ್ತು. 1990ರಲ್ಲಿ ಫೋಟೊಶಾಪ್ ಬಂದಿತು; ಆ ದಶಕದಲ್ಲಿಯೇ ಉಚಿತವಾಗಿ ದೊರೆಯುವ ಗಿಂಪ್ ಕೂಡ ಬಂದಿತು. 2022ರ ಹೊತ್ತಿಗೆ ಐಫೋನಿನಲ್ಲಿ ವ್ಯಕ್ತಿಯ ಮೇಲೆ ಬೆರಳೊತ್ತಿ ಹಿಡಿದರೆ ಸಾಕು, ಆತ ಹಿನ್ನೆಲೆಯಿಂದ ಬೇರ್ಪಡುವಂತಾಯಿತು.

ಬೆಲೆ ಇಳಿದಂತೆ ಬೇಡಿಕೆ ಏರುತ್ತದೆಂಬುದು ಅರ್ಥಶಾಸ್ತ್ರದ ಮೊದಲ ಪಾಠ. ಬೆಲೆ ಶೂನ್ಯವಾದರೂ ವೆಚ್ಚ ಶೂನ್ಯವಾಗುವುದಿಲ್ಲ, ಅದು ಬೇರೆಯವರ ಲೆಕ್ಕಕ್ಕೆ ವರ್ಗವಾಗುತ್ತದೆಂಬುದು ಎರಡನೆಯದು. ಇಲ್ಲಿ ಅದನ್ನು ತೆರುವವರು ಮುಂದಿನ ತಲೆಮಾರಿನವರು. ಮುಖ ಯಾರದೆಂದು ಅವರಿಗೆ ತಿಳಿದೀತು. ಆ ಮುಖ ಎಲ್ಲಿ, ಎಂಥ ಬಾಳು ಬಾಳಿತೆಂಬುದು ತಿಳಿಯದು. ಕಡತ ನೋಡಿ ಬದುಕಿದವನಾಗಿ ಹೇಳುತ್ತೇನೆ: ಫೋಟೊ ಸಾಕ್ಷ್ಯವಾಗುವುದು ಬಹುಮಟ್ಟಿಗೆ ಅದರ ಹಿನ್ನೆಲೆಯಿಂದ.

ಹಾಗೆಂದು ತಂತ್ರಜ್ಞಾನವನ್ನು ದೂರುವುದು ಸರಿಯಲ್ಲ. ಪಾಸ್‌ಪೋರ್ಟ್ ಅಳತೆಯ ಚಿತ್ರಕ್ಕೂ ಅಂಗಡಿಯ ಸರಕಿನ ಚಿತ್ರಕ್ಕೂ ಬಿಳಿ ಹಿನ್ನೆಲೆ ಬೇಕೇ ಬೇಕು. ಅಳಿಸದೆಯೇ ಮರೆಮಾಡುವ ಮಾರ್ಗವೂ ಇದೇ ತಂತ್ರಾಂಶಗಳಲ್ಲಿದೆ. ಅದರ ಹೆಸರು ಲೇಯರ್ ಮಾಸ್ಕ್. ಅಳಿಸುವ ರಬ್ಬರಿನ ಬದಲು ಮಾಸ್ಕ್ ಬಳಸಿದರೆ ಹಿನ್ನೆಲೆ ಪರದೆಯ ಹಿಂದೆ ಭದ್ರವಾಗಿರುತ್ತದೆ. ಬೇಕೆಂದಾಗ ಮರಳಿ ಪಡೆಯಬಹುದು. ಆದರೆ ಕಡತವನ್ನು ಆ ತಂತ್ರಾಂಶದ ಸ್ವಂತ ರೂಪದಲ್ಲಿಯೇ ಉಳಿಸಬೇಕು. ಜೆಪೆಗ್ ಆಗಿ ಉಳಿಸಿದರೆ ಪದರಗಳೆಲ್ಲ ಒಂದಾಗಿಬಿಡುತ್ತವೆ. ಇದಕ್ಕೂ ಮೊದಲು ಮೂಲ ಚಿತ್ರದ ಒಂದು ಪ್ರತಿಯನ್ನು ಬೇರೆಯೇ ತೆಗೆದಿಡಬೇಕು.

ಮೂಲ ಸ್ಕ್ಯಾನ್ ಕೇಳಿದಾಗ ಆ ಯುವಕ ‘ಅದನ್ನ ಇಟ್ಟಿಲ್ಲ ಸಾರ್’ ಎಂದ. ಪುಣ್ಯಕ್ಕೆ ಹಳದಿಗಟ್ಟಿದ ಮೂಲ ಪ್ರತಿ ಅಕ್ಕನ ಟ್ರಂಕಿನಲ್ಲಿ ಮರಳಿ ಸೇರಿತ್ತು. ಇನ್ನೊಮ್ಮೆ ಸ್ಕ್ಯಾನ್ ಮಾಡಿಸಿದೆ. ಈಗ ಗೋಡೆಯ ಮೇಲಿರುವುದು ಆ ಚಿತ್ರವೇ. ಅದರಲ್ಲಿ ತಾಯಿಯ ಮುಖ ಚಿಕ್ಕದಾಗಿದೆ, ಹಿಂದೆ ಬಾಗಿಲು ಅರ್ಧ ತೆರೆದಿದೆ.