ನಿಮಗಿದು ಗೊತ್ತೆ? ಕೊಂಡವರು ಧರಿಸಿದ್ದು ಮಾರಿದವರ ಹೆಸರು!
ಬೆಂಗಳೂರಿನ ಯಲಹಂಕ, ಆರ್.ಟಿ. ನಗರಗಳ ಹಾದಿಬದಿಯ ವ್ಯಾಯಾಮಶಾಲೆಗಳ ಮೇಲೆ ರಾರಾಜಿಸುವ ‘ಕಲ್ಟ್’ ಎಂಬ ಹೆಸರು ಮೂಲತಃ ಅವುಗಳ ಒಡೆತನ ಹೊಂದಿರುವ ಬೃಹತ್ ಸಂಸ್ಥೆಯದಲ್ಲ. ಅದು ಕೊಂಡುಕೊಂಡ ಒಂದು ಪುಟ್ಟ ಜಿಮ್ಮಿನದು! ಮಿಂತ್ರಾ ಖ್ಯಾತಿಯ ಮುಕೇಶ್ ಬನ್ಸಲ್ ಅವರು, ಫ್ಲಿಪ್‌ಕಾರ್ಟಿನಲ್ಲಿದ್ದ ಅಂಕಿತ್ ನಾಗೋರಿಯವರೊಡಗೂಡಿ 2016ರಲ್ಲಿ ಬೆಂಗಳೂರಿನಲ್ಲಿ ‘ಕ್ಯೂರ್‌ಫಿಟ್’ ಅನ್ನು ಸ್ಥಾಪಿಸಿ, ರಿಷಭ್ ತೇಲಂಗ್ ಮತ್ತು ದೀಪಕ್ ಪೊದುವಾಳ್ ಎಂಬ ಇಬ್ಬರು ತರುಣರು ಇದೇ ಊರಿನಲ್ಲಿ ಕಟ್ಟಿ ಬೆಳೆಸಿದ್ದ ಕಲ್ಟನ್ನು ಅದೇ ವರ್ಷ ತಮ್ಮದಾಗಿಸಿಕೊಂಡರು. ‘ಟ್ರೈಬ್’ ಮೊದಲಾದ ನಗರದ ಇತರ ಶಾಲೆಗಳೂ ಅದರಲ್ಲಿ ಲೀನವಾದುವು. ಆದರೆ ಸ್ವಾಧೀನಗೊಂಡ ಶಾಲೆಯ ಕೀರ್ತಿಯೇ ಒಡೆಯನ ಕೀರ್ತಿಯನ್ನು ಮೀರಿ ಬೆಳೆಯಲು, 2021ರಲ್ಲಿ ಸಂಸ್ಥೆಯು ತನ್ನ ಸ್ವಂತ ನಾಮವನ್ನು ತ್ಯಜಿಸಿ ‘ಕಲ್ಟ್‌ಫಿಟ್’ ಎನಿಸಿಕೊಂಡಿತು. ಗರಡಿಮನೆಗಳನ್ನು ಅವುಗಳ ಉಸ್ತಾದರ ಮೂಲಕವೇ ಗುರುತಿಸುತ್ತಿದ್ದ ನಾಡಿನಲ್ಲಿ, ಕಟ್ಟಿದವರಿಟ್ಟ ಹೆಸರು ಹೀಗೆ ಉಳಿದುದು ನಿಜಕ್ಕೂ ಸಂತೋಷದ ಸಂಗತಿ. 1965ರಲ್ಲಿ ಕ್ಯಾಲಿಫೋರ್ನಿಯದ ವೆನಿಸ್‌ನಲ್ಲಿ ಜೋ ಗೋಲ್ಡ್ ಆರಂಭಿಸಿದ ಜಗತ್ಪ್ರಸಿದ್ಧ ‘ಗೋಲ್ಡ್ಸ್ ಜಿಮ್’ನ ಭಾರತೀಯ ಹಕ್ಕುಗಳನ್ನು ಹೊಂದಿದ್ದ ಕಂಪನಿಯ ಬಹುಪಾಲು ಷೇರುಗಳೂ 2022ರಲ್ಲಿ ಬೆಂಗಳೂರಿನ ಈ ಸಂಸ್ಥೆಯ ಕೈಸೇರಿದುವು.